ಐದನೆಯ ಸಲದ ಹಾಲು

ನಮ್ಮನ್ನು ಯಾರೂ ರಕ್ಷಿಸಲಿಲ್ಲ. ಆಡು ಇಳಿಸಿ ಖಾಲಿ ಹಿಂದಿರುಗುತ್ತಿದ್ದ ಹಡಗಿಗೆ ಆಡಿನ ಜಾಗದಲ್ಲಿ ನಮ್ಮನ್ನು ತುಂಬಿದರು, ಅಷ್ಟೆ. ಊರಿನಲ್ಲಿ ಅದನ್ನು ದೊಡ್ಡ ಕಥೆ ಮಾಡಿದ್ದಾರಂತೆ. ಕಪ್ತಾನ ಕುಡಿಯಲು ನೀರು ಕೊಟ್ಟ, ಅದು ಅವನ ಒಳ್ಳೆತನ. ಹಿಕ್ಕೆ ಗುಡಿಸಿದ್ದು ನಾನು.

ಪುತ್ತೂರಿನ ಹತ್ತಿರದ ನರಿಮೊಗರಿನಿಂದ ನಾನು ಯೆಮನಿಗೆ ಹೋದದ್ದು ಮಗಳು ಮೈಮುನಾಳ ಬಾಣಂತನಕ್ಕೆ. ನಲವತ್ತು ದಿನ ಬಾಣಂತಿ ಹೊಸಿಲು ದಾಟಬಾರದು ಎನ್ನುವವಳು ನಾನು. ಇಪ್ಪತ್ತೆರಡನೆಯ ದಿನ ಪಕ್ಕದ ಕಟ್ಟಡಕ್ಕೆ ಬಾಂಬು ಬಿತ್ತು. ಅಳಿಯ ನಮ್ಮನ್ನು ಬಂದರಿಗೆ ಕರಕೊಂಡು ಹೋದ.

ಹಡಗಿನಲ್ಲಿ ನಮ್ಮ ಪಕ್ಕ ಒಬ್ಬಳು ಯೆಮನಿ ಮುದುಕಿ, ಮಡಿಲಲ್ಲಿ ಮೊಮ್ಮಗ. ಅವನ ತಾಯಿ ಬಂದರಿಗೆ ಮುಟ್ಟಿರಲಿಲ್ಲ. ಅತ್ತು ಅತ್ತು ಮಗುವಿನ ದನಿ ಹೋಗಿತ್ತು. ಮೈಮುನಾ ಎತ್ತಿ ಎದೆಗೆ ಹಾಕಿಕೊಂಡಳು.

ನಮ್ಮಲ್ಲಿ ಐದು ಸಲ ಹೊಟ್ಟೆತುಂಬ ಮೊಲೆಹಾಲು ಕೊಟ್ಟರೆ ಆ ಮಗು ನಮ್ಮದೇ, ಮನೆಯ ಮಗುವಿಗೆ ಒಡಹುಟ್ಟು. ನಾನು ಎಣಿಸಿದೆ. ನಾಲ್ಕಾದಾಗ ಹೇಳಿದೆ, "ಸಾಕು ಮಗಳೇ. ಇನ್ನೊಂದಾದರೆ ಬಿಡಿಸಿಕೊಳ್ಳಲಿಕ್ಕೆ ಆಗುದಿಲ್ಲ."

"ಅವನ ಹೊಟ್ಟೆಗೆ ಎಣಿಸ್ಲಿಕ್ಕೆ ಬರ್ತದಾ ಉಮ್ಮಾ?" ಎಂದು ಐದನೆಯದನ್ನೂ ಕೊಟ್ಟಳು.

ಕಡಲಾಚೆಯ ಜಿಬೂಟಿಯಲ್ಲಿ ಇಳಿದಾಗ ಎರಡು ಸಾಲು. ನಾವು ಭಾರತದವರು ಮರುದಿನದ ವಿಮಾನಕ್ಕೆ. ಮುದುಕಿ, ಮಗು ನಿರಾಶ್ರಿತರ ಗುಡಾರಕ್ಕೆ.

ಈಗಲೂ ಇಲ್ಲೇ, ಜಿಬೂಟಿಯಲ್ಲೇ ಇದ್ದೇನೆ. ನಮ್ಮ ಜೊತೆಗೇ ಹಡಗು ಹತ್ತಿದ್ದ ಅಳಿಯನಿಗೆ ಇಲ್ಲಿಯ ಬಂದರಿನಲ್ಲಿ ಕೆಲಸ. ಲಹೋಹ್ ಅಂದರೆ ಇವರ ದೋಸೆ, ಜೋಳದ ಹಿಟ್ಟಿನದು, ಒಂದೇ ಮಗ್ಗುಲು ಬೇಯಿಸುದು. ಪುತ್ತೂರಿನಲ್ಲಿ ಮಳೆಗೆ ಬೈಯುತ್ತಿದ್ದೆ. ಇಲ್ಲಿ ನಲ್ಲಿ ನೀರೇ ಉಪ್ಪು, ಚಾ ಕೂಡ ಉಪ್ಪು. ಮೊದಲು ಅಂಗಡಿಯಲ್ಲಿ ಬೆರಳು ತೋರಿಸುತ್ತಿದ್ದೆ. ಈಗ ಜಗಳವನ್ನೂ ಇವರ ಸೊಮಾಲಿ ಭಾಷೆಯಲ್ಲೇ ಮಾಡುತ್ತೇನೆ.

ಮುದುಕಿ ತೀರಿಕೊಂಡಳು. ಹುಡುಗ ನಮ್ಮ ಮೊಮ್ಮಗಳ ಜೊತೆ ಶಾಲೆಗೆ ಹೋಗುತ್ತಾನೆ. ಅವನಿಗೆ ಕಾಗದಪತ್ರ ಇಲ್ಲ, ಊರಿಗೆ ಕರಕೊಂಡು ಹೋಗುವ ಹಾಗಿಲ್ಲ. ನಾಳೆ ಅವನ ತಾಯಿ ಬಾಗಿಲು ತಟ್ಟಿದರೆ ಎಂತ ಹೇಳುದು, ಅದೂ ಗೊತ್ತಿಲ್ಲ.

"ಯಾರದ್ದೋ ಮಗುವಿಗೆ ಅಲ್ಲಿ ಕೂತದ್ದಾ ಮಾರಾಯ್ತಿ?" ಎನ್ನುತ್ತಾಳೆ ಅಕ್ಕ ಫೋನಿನಲ್ಲಿ. "ನಿನ್ನ ಗಂಡನನ್ನು ಮಣ್ಣು ಮಾಡಿದ ಕಬರು ಇಲ್ಲಿ ಉಂಟಲ್ಲ."

ಉಂಟು.

ಹಡಗು ಇಳಿದ ದಿನ "ಮುಗಿಯಿತು, ಇನ್ನು ಊರಿಗೆ ಹೋಗುವ" ಎಂದವಳೂ ನಾನೇ. ಮೈಮುನಾ ಗುಡಾರದ ಕಡೆಗೇ ನೋಡುತ್ತಿದ್ದಳು. ಹಾಲು ಸೋರಿ ಅವಳ ಅಂಗಿ ಒದ್ದೆಯಾಗಿತ್ತು.

ಮರುದಿನ ಬೆಳಿಗ್ಗೆ ವಿಮಾನಕ್ಕೆ ಹೋಗುವ ಬಸ್ಸು ಬಂತು, ನಮ್ಮ ಹೆಸರು ಕರೆದರು. ನಾನು ಬಸ್ಸು ಹತ್ತದೆ ಗುಡಾರಕ್ಕೆ ಹೋಗಿ ಮುದುಕಿಯ ಎದುರು ಕೈ ಚಾಚಿದೆ. "ಕೊಡು, ಆರನೆಯದಕ್ಕೆ ಹೊತ್ತಾಯಿತು" ಎಂದೆ. ನಮ್ಮ ಬ್ಯಾರಿ ಭಾಷೆಯಲ್ಲೇ ಹೇಳಿದ್ದು. ಅವಳು ಕೊಟ್ಟಳು.