ಕೆಮ್ಮಣ್ಣಿನಿಂದ ಬರುತ್ತಿದ್ದ ಬೆಳಕು

ಮೊನ್ನೆ ಉಡುಪಿಯ ನಮ್ಮ ಮನೆಗೆ ಇಂಟರ್ನೆಟ್ ಸರಿಮಾಡಲು ಬಂದವರು ಫೈಬರಿನ ತುದಿಯನ್ನು ಸ್ಪಿರಿಟ್ ಹಾಕಿ ಒರೆಸಿದರು. ಆ ವಾಸನೆಗೆ ನಾನು ಎದ್ದು ಜಗಲಿಗೆ ಬಂದೆ. ಮಣಿಪಾಲದ ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದ ಮೇಡಂ ಅವರ ಕೈಗೂ ಅದೇ ವಾಸನೆ ಇರುತ್ತಿತ್ತು...

ನಾವಾಗ ಒಂದು ರಿಸೀವರ್ ತಯಾರಿಸುತ್ತಿದ್ದೆವು. ಹತ್ತಾರು ಮನೆಗಳ ಬೆಳಕು ಒಂದೇ ಫೈಬರಿನಲ್ಲಿ ಸರದಿಯಂತೆ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬಂದು ಹೋಗುತ್ತದೆ. ಹತ್ತಿರದ ಮನೆಯದು ಜೋರು, ದೂರದ್ದು ಮಂದ. ಬಂದದ್ದು ಮನೆಯ ಸಂಕೇತವೋ ಬರೀ ಗದ್ದಲವೋ ಎಂದು ರಿಸೀವರ್ ಕೂಡಲೇ ತೀರ್ಮಾನಿಸಬೇಕು. ಅದಕ್ಕೊಂದು ಮಟ್ಟ ಇಟ್ಟಿದ್ದೆವು. ಅದಕ್ಕಿಂತ ಕೆಳಗಿನದ್ದೆಲ್ಲ ಗದ್ದಲ. ಪ್ರಯೋಗಕ್ಕೆ ಮೇಡಂ ಕೆಮ್ಮಣ್ಣು ಎಂಬ ಊರಿನ ತಮ್ಮ ಮನೆಯನ್ನೂ ಸೇರಿಸಿದ್ದರು. ಎಲ್ಲಕ್ಕಿಂತ ದೂರದ್ದು ಅದೇ.

"ಮಟ್ಟ ಏರಿಸುವ ಮೊದಲು ನನ್ನನ್ನು ಕೇಳು. ಮಂದ ಉಂಟು ಅಂದರೆ ಇಲ್ಲ ಅಂತ ಅಲ್ಲ," ಎನ್ನುತ್ತಿದ್ದರು.

ಒಂದು ಶನಿವಾರ ಉಬ್ಬಸವೆಂದು ಅವರು ರಜೆ ಹಾಕಿದ್ದರು. ಬೆಳಿಗ್ಗೆಯಿಂದ ರಿಸೀವರ್ ಗದ್ದಲವನ್ನೇ ಸಂಕೇತವೆಂದು ತೋರಿಸುತ್ತಿತ್ತು. ಮಲಗಿದವರನ್ನು ಎಬ್ಬಿಸುವುದೇಕೆಂದು ಕೇಳದೆಯೇ ಮಟ್ಟ ಏರಿಸಿದೆ. ಪರದೆ ಶಾಂತವಾಯಿತು. ನಾನು ಊಟಕ್ಕೆ ಹೋದೆ.

ಮೇಡಂ ಅವರ ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ; ಫೋನ್ ಹೋಗುತ್ತಿದ್ದದ್ದು ನಮ್ಮ ರಿಸೀವರಿಗೆ ಸೇರಿದ್ದ ವೈಫೈಯಲ್ಲಿ. ಮಧ್ಯಾಹ್ನ ಮೇಡಂ ಅವರಿಗೆ ಉಸಿರು ಕಟ್ಟಿದಾಗ ಜೊತೆಗಿದ್ದ ಅವರ ಅಕ್ಕ ಮತ್ತೆ ಮತ್ತೆ ಫೋನ್ ಒತ್ತಿ, ಕೊನೆಗೆ ರಸ್ತೆಯವರೆಗೆ ಓಡಿದರಂತೆ. ಕಾರು ಬರುವಾಗ ತಡವಾಗಿತ್ತು.

ಸುದ್ದಿ ತಿಳಿದ ಮೇಲೆ ಲ್ಯಾಬಿನ ದಾಖಲೆ ತೆರೆದೆ. ನಾನು ಊಟ ಮಾಡುತ್ತಿದ್ದಷ್ಟು ಹೊತ್ತೂ ಕೆಮ್ಮಣ್ಣಿನ ಬೆಳಕು ಬರುತ್ತಲೇ ಇತ್ತು. ಪ್ರತಿ ಸಾಲಿನ ಎದುರಿಗೂ 'ಗದ್ದಲ' ಎಂದಿತ್ತು...

ಮೇಡಂ ತೀರಿಕೊಂಡ ಮೂವತ್ತನೆಯ ದಿನದ ಪೂಜೆಗೆ ಚರ್ಚಿಗೆ ಹೋದಾಗ ಅಕ್ಕ ಕೇಳಿದರು. "ಅವತ್ತು ಇಂಟರ್ನೆಟ್ಟಿಗೆ ಎಂತ ಆಗಿತ್ತು?"

"ಎಲ್ಲಿಯೋ ಲೈನ್ ತುಂಡಾಗಿರಬೇಕು, ಅಕ್ಕ."

"ನಾನೂ ಹಾಗೇ ಎಣಿಸಿದೆ. ಅವಳು ಮಾತ್ರ, ಲ್ಯಾಬಿನಲ್ಲಿ ನೀನಿದ್ದೀ, ಈಗ ಸರಿಮಾಡ್ತೀ ಅಂತಲೇ ಹೇಳುತ್ತಿದ್ದಳು."

ನಿಜ ಹೇಳಲೆಂದೇ ಆಮೇಲೆ ಎರಡು ಸಲ ಕೆಮ್ಮಣ್ಣಿನ ಬಸ್ಸು ಹತ್ತಿದೆ. ಎರಡು ಸಲವೂ ಅವರು ಕೊಟ್ಟ ಚಹಾ ಕುಡಿದು ವಾಪಸು ಬಂದೆ.

ಕಳೆದ ತಿಂಗಳು ಅಕ್ಕನೂ ತೀರಿಕೊಂಡರು. ಶವಪೆಟ್ಟಿಗೆಯ ಬಳಿ ಬಗ್ಗಿ ಎಲ್ಲವನ್ನೂ ಮೆಲ್ಲನೆ ಹೇಳಿದೆ. ನಾನು ಪ್ರಾರ್ಥಿಸುತ್ತಿದ್ದೇನೆಂದು ತಿಳಿದು, ಹಿಂದಿದ್ದವರು ತುಸು ದೂರ ಸರಿದು ನಿಂತರು.