ಮುಂದಿನ ಸೀಟಿನ ಮರ್ಯಾದೆ

ಹೊಳೆನರಸೀಪುರದಿಂದ ಅರಕಲಗೂಡಿನ ಆಚೆಗಿನ ಪ್ರೌಢಶಾಲೆಗೆ ದಿನವೂ ಮೇಷ್ಟ್ರುಗಳನ್ನು ಕರೆದೊಯ್ಯುವ ರಾಮಣ್ಣನ ಹಳೇ ವ್ಯಾನಿನಲ್ಲಿ ಸೀಟುಗಳು ಸರ್ವೀಸಿನ ಪ್ರಕಾರ ಹಂಚಿಕೆಯಾಗಿದ್ದವು. ಯಾರೂ ಮಾಡಿದ ನಿಯಮವಲ್ಲ, ಆದರೂ ಯಾರೂ ಮೀರುತ್ತಿರಲಿಲ್ಲ. ಎಲ್ಲರಿಗಿಂತ ಹಿರಿಯರಾದ ಕನ್ನಡದ ಜಯಲಕ್ಷ್ಮಮ್ಮ ಡ್ರೈವರ್ ಪಕ್ಕದಲ್ಲಿ. ಎಲ್ಲರಿಗಿಂತ ಕೊನೆಗೆ ವರ್ಗವಾಗಿ ಬಂದ ವಿಜ್ಞಾನದ ಹಂಸ ಹಿಂದಿನ ಚಕ್ರದ ಮೇಲಿನ ಹಲಗೆಯಂಥ ಸೀಟಿನಲ್ಲಿ.

ಹಂಸ ದೇವಸ್ಥಾನದ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಸಾರಿನಪುಡಿ ಮಾಡುವಾಗಲೂ ಸಲಕ್ಕೆ ಒಂದೇ ಪದಾರ್ಥದ ಅಳತೆ ಬದಲಿಸಿ ನೋಡುವ ಹೆಣ್ಣು. ಸಿಟ್ಟನ್ನೂ ಪ್ರಯೋಗಶಾಲೆಯ ಸೀಸೆಯ ಹಾಗೆ ಮುಚ್ಚಳ ಬಿಗಿಮಾಡಿ, ಮೇಲೆ ಹೆಸರು ಬರೆದು ಇಡುತ್ತಿದ್ದಳು. ಜಯಲಕ್ಷ್ಮಮ್ಮನ ಹೆಸರಿನ ಸೀಸೆ ತುಂಬಿದ್ದು ಆ ವ್ಯಾನಿನಲ್ಲೇ.

ವರ್ಗವಾಗಿ ಬಂದ ವರ್ಷವೇ ಹಂಸಳ ಸೊಂಟದಿಂದ ಹೊರಟ ನೋವು ತೊಡೆಯ ಹಿಂಭಾಗ ಹಿಡಿದು ಹಿಮ್ಮಡಿಯವರೆಗೆ ತಂತಿಯಂತೆ ಎಳೆಯುತ್ತಿತ್ತು. ಒಂದು ತಿಂಗಳ ಮಟ್ಟಿಗೆ ಸೀಟು ಬದಲಿಸಿಕೊಳ್ಳೋಣವೇ ಎಂದು ಕೇಳಿದಳು. ಜಯಲಕ್ಷ್ಮಮ್ಮ ತಿರುಗಿ ನೋಡದೆಯೇ ಅಂದರು: "ಈ ವಯಸ್ಸಿಗೇ ಸೊಂಟ ನೋವೇನಮ್ಮಾ? ನಾವು ಮೂರು ಹೆತ್ತು ಇದೇ ರೋಡಲ್ಲಿ ಬಂದಿದ್ದೀವಿ. ದಿನಾ ನಿಮ್ಮಮ್ಮನ ಕೈಲಿ ಒಂದು ಹಾಸಿಗೆ ಕಟ್ಟಿಸ್ಕೊಂಡು ಬಾ!"

ವ್ಯಾನು ಪೂರ್ತಿ ನಕ್ಕಿತು. ಹಂಸಳೂ ನಕ್ಕಳು. ಅವತ್ತೇ ತೀರ್ಮಾನಿಸಿದಳು: ಈಕೆ ಆ ಸೀಟಿನಿಂದ ತಾನಾಗಿಯೇ ಇಳಿದು, ಇದೇ ಜನರ ಎದುರಿಗೆ ನನ್ನನ್ನು ಕೇಳಬೇಕು.

ಮೊದಲು ತನ್ನ ನೋವಿನ ಕೆಲಸ. ವಾರಕ್ಕೊಂದೇ ಬದಲಾವಣೆ. ಮೊದಲು ಟವೆಲ್ ಸುರುಳಿ ಸುತ್ತಿ ಸೊಂಟದ ಗುಳಿಗೆ ಕೊಟ್ಟಳು, ಸ್ವಲ್ಪ ತಡೆಯಿತು. ಆಮೇಲೆ ತಾಯಿ ಅಂಬುಜಮ್ಮನಿಂದ ತೆಂಗಿನ ನಾರು ತುಂಬಿದ ದಿಂಬು ಹೊಲಿಸಿದಳು. ಹಿಂದೆ ದಪ್ಪ, ಮುಂದೆ ತೆಳು. ಕೂತರೆ ಸೊಂಟ ಮಂಡಿಗಿಂತ ಒಂದಿಷ್ಟು ಮೇಲಿರಬೇಕು. ಕಾಲು ಜೋತುಬೀಳದಂತೆ ಮನೆಯ ಸಣ್ಣ ಮಣೆಯೊಂದನ್ನು ಪಾದದ ಕೆಳಗಿಟ್ಟಳು. ಅರಕಲಗೂಡಿನಲ್ಲಿ ಟೀಗೆ ನಿಂತಾಗ ಟೀ ಬಿಟ್ಟು ರಸ್ತೆಯಂಚಿನಲ್ಲಿ ನಡೆದಳು. ಮಳೆಗಾಲ ಮುಗಿಯುವ ಹೊತ್ತಿಗೆ ತಂತಿಯ ಎಳೆತ ನಿಂತಿತ್ತು.

ಆ ದಿನಗಳಲ್ಲೇ, ಎಲ್ಲರೂ ಟೀಗೆ ಇಳಿದಾಗ ಒಮ್ಮೆ ಮುಂದೆ ಕೂತು ನೋಡಿದ ಅವಳಿಗೆ ಇನ್ನೊಂದು ವಿಷಯ ತಿಳಿಯಿತು. ಆ ವ್ಯಾನಿನಲ್ಲಿ ಅತಿ ಕೆಟ್ಟ ಸೀಟು ಹಿಂದಿನದಲ್ಲ, ಮುಂದಿನದು. ಇಂಜಿನ್ ಅದರ ಕೆಳಗೇ, ತೊಡೆ ಕಾಯುತ್ತದೆ. ಚಕ್ರದ ಗೂಡು ಒಳಗೆ ಚಾಚಿರುವುದರಿಂದ ಎಡಗಾಲು ನೀಡಲಾಗದು, ಮಂಡಿ ಸೊಂಟಕ್ಕಿಂತ ಮೇಲೇಳುತ್ತದೆ. ಹಿರಿತನ ಅಂತ ಹಿಡಿದು ಕೂತಿದ್ದ ಜಾಗ ಅದು.

ಎರಡು ವರ್ಷ ಕಳೆದ ಮೇಲೆ ಜಯಲಕ್ಷ್ಮಮ್ಮ ಎಡತೊಡೆ ನೀವಿಕೊಳ್ಳಲು ಶುರುಮಾಡಿದರು. ಹಾಸನದ ಡಾಕ್ಟರು, ಚನ್ನರಾಯಪಟ್ಟಣದ ಎಣ್ಣೆ, ಎಲ್ಲ ಆಯಿತು. ಕಾರಣ ಗೊತ್ತಿದ್ದವಳು ಹಂಸ ಒಬ್ಬಳೇ. ಅವಳು ಬಾಯಿ ಬಿಡಲಿಲ್ಲ. ಪ್ರತಿ ಬೆಳಿಗ್ಗೆ ತಾನೇ ಮುಂದಿನ ಬಾಗಿಲು ತೆರೆದು ಹಿಡಿದು ನಿಲ್ಲುತ್ತಿದ್ದಳು. "ಬನ್ನಿ ಮೇಡಂ, ನಿಮ್ಮ ಸೀಟು."

ಡ್ರಿಲ್ ಮೇಷ್ಟ್ರು ಪೃಥ್ವಿರಾಜ್ ಒಮ್ಮೆ, "ಮೇಡಂ, ನೀವು ಮಧ್ಯ ಕೂತ್ಕೊಳ್ಳಿ, ನಾನು ಮುಂದೆ ಹೋಗ್ತೀನಿ" ಅಂದರು.

"ಛೆ, ಬಿಡ್ತು ಅನ್ನಿ ಸಾರ್," ಎಂದಳು ಹಂಸ. "ಮುಂದೆ ಮೇಡಂ ಇಲ್ದೆ ವ್ಯಾನು ಹೊರಟ್ರೆ ನೋಡಿದವರು ಏನಂದಾರು? ಆ ಸೀಟಿಗೆ ಅವರೇ ಲಕ್ಷಣ."

ಜಯಲಕ್ಷ್ಮಮ್ಮ ಹಲ್ಲು ಕಚ್ಚಿಕೊಂಡೇ ಸೆರಗು ಸರಿಮಾಡಿಕೊಂಡರು. ಹಂಸಳಷ್ಟು ವಿನಯವಂತೆ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು. ಹಿಂದಿನ ಸೀಟಿನಲ್ಲಿ ಮಣೆಯ ಮೇಲೆ ಕಾಲಿಟ್ಟು ಕೂತ ವಿನಯವಂತೆ, ಪ್ರತಿ ಗುಂಡಿಗೂ ಮುಂದಿನ ಆ ಬಿಳಿತುರುಬು ಬೆಚ್ಚುವುದನ್ನು ನೋಡುತ್ತಿದ್ದಳು. ಅದು ಅವಳ ಬೆಳಗಿನ ಕಾಫಿಗಿಂತ ಹಿತವಾಗಿತ್ತು.

ಹೊಗೆಸೊಪ್ಪಿನ ಹರಾಜಿನ ಕಾಲ. ರಾಮನಾಥಪುರದ ಕಡೆಗೆ ಸೊಪ್ಪಿನ ಬೇಲು ಹೇರಿಕೊಂಡು ಹೊರಟಿದ್ದ ಲಾರಿಯೊಂದು ಮುಂದೆ ಗಕ್ಕನೆ ನಿಂತಿತು. ರಾಮಣ್ಣ ಬ್ರೇಕ್ ಒತ್ತಿದ. ಜಯಲಕ್ಷ್ಮಮ್ಮ "ಅಮ್ಮಾ" ಎಂದರು. ಟೀ ಅಂಗಡಿಯ ಮುಂದೆ ಎಲ್ಲರೂ ಇಳಿದರೂ ಅವರಿಗೆ ಇಳಿಯಲಾಗಲಿಲ್ಲ.

"ಆಸ್ಪತ್ರೆಗೆ ಓಗಾನ ಮೇಡಂ?" ಎಂದ ರಾಮಣ್ಣ.

ಅವರು ಬೇಡವೆಂದು ತಲೆಯಾಡಿಸಿ, ಸೀಟಿನ ಒರಗು ಹಿಡಿದು, ಮೊದಲ ಬಾರಿಗೆ ಹಿಂದಿನ ಸೀಟಿನ ಕಡೆ ತಿರುಗಿದರು. ಎಲ್ಲರೂ ಸುತ್ತ ನಿಂತಿದ್ದರು. "ಹಂಸಾ, ಆ ನಿನ್ನ ದಿಂಬು... ಇವತ್ತೊಂದಿನ ಕೊಡ್ತೀಯೇನಮ್ಮ?"

ಅಮ್ಮನ ಕೈಲಿ ಹಾಸಿಗೆ ಕಟ್ಟಿಸುವ ಮಾತು ಹಂಸಳ ನಾಲಿಗೆಯ ತುದಿಯಲ್ಲಿತ್ತು. ಅದಕ್ಕಿಂತ ಒಳ್ಳೆಯದು ಸಿಕ್ಕಿತು. "ಕೊಡ್ತೀನಿ ಮೇಡಂ. ಆದರೆ ಅದು ಹಿಂದಿನ ಸೀಟಿಗೇ ಅಳತೆ ಮಾಡಿ ಹೊಲಿಸಿದ್ದು. ನೀವೇ ಹಿಂದೆ ಬರಬೇಕಾಗುತ್ತಲ್ಲ."

ಹಿರಿಯ ಮೇಡಂ ಬಾಗಿಲು ಹಿಡಿದು ಹೇಗೋ ಇಳಿದು, ಕುಂಟುತ್ತಾ ಹಿಂದಿನ ಸೀಟಿಗೆ ಬಂದರು. ಹಂಸ ದಿಂಬು ಸರಿಯಿಟ್ಟಳು, ಟವೆಲನ್ನು ಸರಿಯಾದ ಗುಳಿಗೇ ಕೊಟ್ಟಳು, ಮಣೆಯನ್ನು ಪಾದಕ್ಕೆ ಸರಿಸಿದಳು. ಅದರಲ್ಲಿ ಮೋಸ ಮಾಡಲು ಅವಳ ಕೈ ಒಪ್ಪಲಿಲ್ಲ. ಆಮೇಲೆ ಎಲ್ಲರೂ ನೋಡುವಂತೆ ಮುಂದಿನ ಬಾಗಿಲು ತೆರೆದು ಹತ್ತಿದಳು.

ಒಂದು ಮೈಲಿ ಹೋಗಿರಲಿಲ್ಲ. ಹಿಂದಿನಿಂದ ದನಿ ಬಂತು: "ಅಯ್ಯಯ್ಯೋ, ಎಷ್ಟು ಹಾಯಾಗಿದೆ ಕಣಮ್ಮಾ! ಇಷ್ಟು ವರ್ಷ ನೀನೊಬ್ಬಳೇ ಮಜಾ ಮಾಡ್ತಿದ್ಯಲ್ಲೇ, ಕಳ್ಳಿ!"

ವ್ಯಾನು ನಕ್ಕಿತು. ಹಂಸ ನಗಲು ಹೋದಳು. ತೊಡೆಯ ಕೆಳಗೆ ಇಂಜಿನ್ ಕಾಯುತ್ತಿತ್ತು. ಮಣೆ ಇಡಲು ಅಲ್ಲಿ ಜಾಗವೂ ಇರಲಿಲ್ಲ. ಹಳೆಯ ತಂತಿ ಮೆಲ್ಲಗೆ ಬಿಗಿಯಿತು.

"ಯಾಕ್ ಮೇಡಂ, ಇಂದಕ್ಕೆ ಓಯ್ತೀರಾ?" ಎಂದ ರಾಮಣ್ಣ.

"ನೀವು ಗಾಡಿ ಓಡಿಸಿ ರಾಮಣ್ಣ."

ಮರುದಿನ ಬೆಳಿಗ್ಗೆ ವ್ಯಾನಿನ ಮುಂದಿನ ಬಾಗಿಲನ್ನು ತೆರೆದು ಹಿಡಿದು ನಿಂತಿದ್ದವರು ಜಯಲಕ್ಷ್ಮಮ್ಮ. ಮುಖದ ತುಂಬ ಗೌರವ.

"ಬಾರಮ್ಮಾ ಹಂಸಾ. ನಿನ್ನ ಸೀಟು."

ಆ ದನಿಯ ಅಳತೆ ಹಂಸಳಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರೂ ನೋಡುತ್ತಿದ್ದರು. ಅವಳು ಸೆರಗು ಸರಿಮಾಡಿಕೊಂಡು ಹತ್ತಿದಳು.