ನಾಗಕ್ಕನ ಗದ್ದದ ಹಚ್ಚೆ

ಹಿರಿಯರ ಹಬ್ಬದ ಎಡೆಯ ಮುಂದೆ ಪಂಪಮ್ಮನ ಮನೆಯಲ್ಲಿ ಸತ್ತವರ ಫೋಟೊಗಳೆಲ್ಲ ಇರುತ್ತಿದ್ದವು, ಅಕ್ಕ ನಾಗಕ್ಕನ ಲೆಕ್ಕಕ್ಕೆ ಮಾತ್ರ ಒಂದು ಮಡಿಸಿದ ಸೀರೆ. ಮದುವೆಗೆ ಮುಂಚೆಯೇ ಜ್ವರದಲ್ಲಿ ಹೋದವಳು. ಅವಳ ಮುಖ ಉಳಿದದ್ದು ಒಂದೇ ಕಡೆ. ಎಂದೋ ಪೆನುಕೊಂಡದ ಕೋಟೆಯಲ್ಲಿ ತೆಗೆದ ಕಪ್ಪು ಬಿಳುಪಿನ ತೆಲುಗು ಸಿನಿಮಾದಲ್ಲಿ ಕೊಡ ಹೊತ್ತ ಹೆಂಗಸರ ಸಾಲೊಂದು ಬರುತ್ತದೆ. ಕೊನೆಯವಳೇ ನಾಗಕ್ಕ. ಕ್ಯಾಮೆರಾದತ್ತ ನೋಡಬೇಡ ಎಂದಿದ್ದರೂ ಒಮ್ಮೆ ತಿರುಗಿ ನೋಡಿದ್ದಳು.

ಈ ವರ್ಷ ಆ ಸಿನಿಮಾವನ್ನು ಯಾರೋ ಶುಚಿ ಮಾಡಿ ಎಚ್‌ಡಿಯಲ್ಲಿ ಬಿಟ್ಟರು. ಹಿಂದೂಪುರದ ಫೋಟೊ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಮೊಮ್ಮಗಳು ಮೌನಿಕಾ ಅದರಿಂದ ನಾಗಕ್ಕನ ಮುಖ ತೆಗೆದು, ದೊಡ್ಡದು ಮಾಡಿ, ಕಟ್ಟು ಹಾಕಿಸಿ ತಂದಳು. ಪಂಪಮ್ಮ ಸೆರಗಿನಿಂದ ಗಾಜು ಒರೆಸಿ ನೋಡಿದಳು. ಮತ್ತೆ ಒರೆಸಿದಳು. ಮುಖ ಬೆಣ್ಣೆ ಸವರಿದಂತೆ ನುಣ್ಣಗಿತ್ತು.

"ಇವ್ಳು ನಮ್ಮಕ್ಕ ಅಲ್ಲ ಕಣಮ್ಮಿ. ಹಚ್ಚೆ ಎಲ್ಲೈತೆ?"

ಅಕ್ಕತಂಗಿಯರಿಬ್ಬರಿಗೂ ಒಂದೇ ದಿನ ಗದ್ದದ ಮೇಲೆ ಮೂರು ಚುಕ್ಕಿ ಹುಯ್ಯಿಸಿದ್ದರು. ಮೇಲಕ್ಕೆ ಜೊತೆಗೆ ಬರುವ ಒಡವೆ ಹಚ್ಚೆಯೊಂದೇ, ಅದಿಲ್ಲದವಳ ಗುರುತು ಅಲ್ಲಿ ಯಾರಿಗೂ ಹತ್ತುವುದಿಲ್ಲ ಎನ್ನುತ್ತಿದ್ದಳು ಅವರವ್ವ. ರೀಲಿನ ಚಿತ್ರವೆಲ್ಲ ಸಣ್ಣ ಕಣಗಳಿಂದಾದದ್ದು, ಕಂಪ್ಯೂಟರು ಆ ಕಣಗಳನ್ನು ಒರೆಸುವಾಗ ಹಚ್ಚೆಯನ್ನೂ ಕಸವೆಂದುಕೊಂಡಿರಬೇಕು ಎಂದು ಮೌನಿಕಾ ಬಿಡಿಸಿ ಹೇಳಿದಳು. ಪಂಪಮ್ಮನಿಗೆ ಸಮಾಧಾನವಾಗಲಿಲ್ಲ. ಒಲೆಯ ಮುಂದಿನಿಂದ ಎದ್ದು ಬಂದು ನೋಡುವಳು, ನೀರಿಗೆ ಹೋದವಳು ಅರ್ಧದಾರಿಯಿಂದ ತಿರುಗಿ ಬಂದು ನೋಡುವಳು. ಇಷ್ಟು ವರ್ಷ ಇನ್ಯಾರ ಮಗಳನ್ನೋ ಅಕ್ಕ ಎಂದುಕೊಂಡೆನೆ? ಅಕ್ಕನ ಎಡೆಯನ್ನು ಅವಳಿಗೆ ಬಡಿಸಿಬಿಟ್ಟರೆ?

ಹಬ್ಬದ ಹಿಂದಿನ ದಿನ ಮೌನಿಕಾಳನ್ನು ಹೊರಡಿಸಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದಳು. ಅಲ್ಲಿನ ಟಾಕೀಸಿನಲ್ಲಿ ಆಪರೇಟರಾಗಿದ್ದ ಗಂಗುಲಪ್ಪ, ಟಾಕೀಸು ಮುಚ್ಚಿದಾಗ ಒಂದು ಮಿಷನ್ನನ್ನೂ ಆ ಸಿನಿಮಾದ ಒಂದು ರೀಲನ್ನೂ ಮನೆಗೆ ತಂದಿಟ್ಟುಕೊಂಡಿದ್ದ.

"ಬಾ ಪಂಪಕ್ಕ, ನನ್ ಸಿನಿಮಾದಾಗೆ ಯಾವಾಗ್ಲೂ ಮಳೆ ಬತ್ತೈತೆ. ಕೊಡೆ ತಂದಿದ್ದೀಯಾ?"

ಕಿಟಕಿಗೆ ಕಂಬಳಿ ಕಟ್ಟಿ ರೀಲು ಬಿಟ್ಟ. ಸುಣ್ಣದ ಗೋಡೆಯ ಮೇಲೆ ಗೀರುಗಳು ಮಳೆಯಂತೆಯೇ ಸುರಿದವು. ಚಿತ್ರವೆಲ್ಲ ಜರಡಿಯಿಂದ ಉದುರುವ ರಾಗಿಹಿಟ್ಟಿನಂತೆ ಕದಲುತ್ತಿತ್ತು. ಸಾಲು ಬಂತು. ಕೊನೆಯವಳು ತಿರುಗಿದಳು. ಗದ್ದದ ಮೇಲೆ ಮೂರು ಚುಕ್ಕಿ.

"ಆಪು, ಆಪು," ಎಂದಳು ಪಂಪಮ್ಮ. ನಿಲ್ಲಿಸಿದರೆ ದೀಪದ ಕಾವಿಗೆ ರೀಲು ಸುಟ್ಟುಹೋಗುತ್ತದೆ ಎಂದು ಗಂಗುಲಪ್ಪ ಒಪ್ಪಲಿಲ್ಲ. ಮೌನಿಕಾ ಫೋನಿನಲ್ಲಿ ಹಿಡಿದುಕೊಂಡಳು.

ವಾಪಸು ಬರುವ ಬಸ್ಸಿನಲ್ಲಿ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಳು. ನಿಂತ ಚಿತ್ರದಲ್ಲಿ ಬರೀ ಕಣ. ಒಂದರಲ್ಲಿ ಒಂದು ಚುಕ್ಕಿ ಇದ್ದಂತಿತ್ತು, ಮುಂದಿನದರಲ್ಲಿ ಅದೂ ಇಲ್ಲ.

"ನಿಂತ್ರೆ ಕಾಣಾಕಿಲ್ಲ ಅಜ್ಜಿ. ಓಡ್ತಿದ್ರೇನೆ ಕಾಣ್ತಾಳೆ."

"ಅವ್ಳು ಯಾವತ್ತು ಒಂದ್ ಕಡೆ ನಿಂತಿದ್ಲು," ಎಂದಳು ಪಂಪಮ್ಮ. ಕಿಟಕಿಯಾಚೆ ಪೆನುಕೊಂಡದ ಬೆಟ್ಟ ಹಿಂದೆ ಸರಿಯಿತು.

ಮರುದಿನ ಎಡೆ ಬಡಿಸಿದ ಮೇಲೆ ಆ ನುಣ್ಣನೆಯ ಫೋಟೊವನ್ನು ಸೀರೆಗೆ ಒರಗಿಸಿಟ್ಟು, ಕಡ್ಡಿಯ ತುದಿಗೆ ಕಾಡಿಗೆ ಮೆತ್ತಿಕೊಂಡಳು. ಒಂದು ಕೈಯಿಂದ ತನ್ನ ಗದ್ದದ ಚುಕ್ಕಿಗಳನ್ನು ತಡವುತ್ತ, ಇನ್ನೊಂದರಿಂದ ಗಾಜಿನ ಮೇಲೆ ಅದೇ ಜಾಗಕ್ಕೆ ಮೂರು ಚುಕ್ಕಿ ಇಟ್ಟಳು.

"ಉಣ್ಣಕ್ಕ."

ದೀಪದ ಕಾವಿಗೆ ಕಾಡಿಗೆ ಜಾರತೊಡಗಿತು. ಎಲ್ಲರೂ ಕೈಮುಗಿದು ಎದ್ದುಹೋದರು. ಪಂಪಮ್ಮ ಏಳಲಿಲ್ಲ, ಕಡ್ಡಿ ಹಿಡಿದು, ಜಾರಿದ ಚುಕ್ಕಿಯನ್ನು ಒರೆಸಿ ಒರೆಸಿ ಇಡುತ್ತಲೇ ಕೂತಳು.